ನಗು ಬಾರದ ಕಾರ್ಟೂನಿನ ರಿಪೇರಿ

ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕರೆಯೋಲೆ, ಯಕ್ಷಗಾನದ ಕರಪತ್ರ, ಹೊಟ್ಟೆಪಾಡು ಇವುಗಳಿಂದಲೇ. ಚಿತ್ರ ಬರೆಯಲು ನನಗೆ ಬರುವುದಿಲ್ಲ. ಅಕ್ಕನ ಮಗಳು ಪುಟ್ಟಿಗೆ ಬರುತ್ತದೆ. ಮೊದಲ ಪಿಯುಸಿ ಮುಗಿಸಿ ರಜೆಗೆ ಬಂದವಳು ಅಂಗಡಿಯ ಅಟ್ಟ ಜಾಲಾಡಿ, ಆರು ವರ್ಷದ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ನಾನು ಚೌಕಾಸಿ ಮಾಡಿ ತಂದು, ಬಿಡಿಸಿಯೂ ನೋಡದೆ ಇಟ್ಟಿದ್ದ ಮೂರು ಇಂಗ್ಲಿಷ್ ಪುಸ್ತಕಗಳನ್ನು ಕೆಳಗಿಳಿಸಿದಳು. "ಮಾಮ, ಇದನ್ನೆಲ್ಲ ಓದಿ ಎಂಥ ಮಾಡಿದೆ ನೀನು?" ಎಂದು ಕೇಳಿದಳು. ಓದಿದ್ದರೆ ತಾನೆ ಏನಾದರೂ ಮಾಡುವುದು. ಹಾಗಾಗಿ ಆ ರಜೆಯಲ್ಲಿ ಒಂದು ಕೆಲಸ ಹಚ್ಚಿಕೊಂಡೆವು: ನಾಲ್ಕು ಚೌಕದ ಒಂದು ನಗೆಚಿತ್ರ ಬರೆದು, ಅದನ್ನೇ ಹದಿನೈದು ಹದಿನಾರು ಸೆಕೆಂಡಿನ ಕಾರ್ಟೂನ್ ಮಾಡುವುದು. ಗಡುವು ಮಳೆ ಹಿಡಿಯುವವರೆಗೆ.

ಪುಸ್ತಕಗಳ ಮಾತು ಮೊದಲು. ಒಂದು, ಡಿಸ್ನಿಯಲ್ಲಿ ಜೀವಮಾನವಿಡೀ ದುಡಿದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ತಂದದ್ದು. ಅನಿಮೇಷನ್ನಿನ 12 ಸೂತ್ರ ಎಂದು ಎಲ್ಲರೂ ಒಪ್ಪಿಸುವ ಪಟ್ಟಿ ಅಲ್ಲಿಂದಲೇ ಹರಡಿದ್ದು. ಚೆಂಡು ನೆಲಕ್ಕೆ ಬಡಿದಾಗ ಚಪ್ಪಟೆಯಾಗಬೇಕು, ಜಿಗಿಯುವ ಮುಂಚೆ ಮನುಷ್ಯ ಕುಗ್ಗಬೇಕು, ಈ ಬಗೆಯವು. ಎರಡನೆಯದು ರಿಚರ್ಡ್ ವಿಲಿಯಮ್ಸ್ 2001ರಲ್ಲಿ ಬರೆದದ್ದು, ನಡಿಗೆಯ ಮೇಲೇ ಪುಟಗಟ್ಟಲೆ ಇದೆ. ಮೂರನೆಯದು ಸ್ಕಾಟ್ ಮೆಕ್‌ಲೌಡ್ 1993ರಲ್ಲಿ ತಂದದ್ದು. ಕಾಮಿಕ್ಸ್ ಎಂದರೇನು ಎಂಬುದನ್ನು ಕಾಮಿಕ್ಸ್ ರೂಪದಲ್ಲೇ ಹೇಳುತ್ತದೆ. ನನ್ನ ಲೆಕ್ಕದಲ್ಲಿ ಮೊದಲನೆಯದು ತೊಡೆಯ ಮೇಲಿಟ್ಟುಕೊಂಡು ಚಿತ್ರ ನೋಡುವ ಪುಸ್ತಕ, ಎರಡನೆಯದು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೈ ಕೊಳೆ ಮಾಡಿಕೊಳ್ಳುವ ಪುಸ್ತಕ. ಮೂರನೆಯದನ್ನು ನಾನು ಅನಿಮೇಷನ್ನಿಗೆ ಸಂಬಂಧವಿಲ್ಲದ್ದು ಎಂದು ಪಕ್ಕಕ್ಕಿಟ್ಟೆ. ಕೊನೆಗೆ ನಮ್ಮ ಮಾನ ಉಳಿಸಿದ್ದು ಅದೇ.

ನಗೆಚಿತ್ರಕ್ಕೆ ದೂರ ಹುಡುಕಬೇಕಾಗಲಿಲ್ಲ. ಏಪ್ರಿಲ್ ಅಂದರೆ ನಮ್ಮ ಕಡೆ ಹಲಸಿನ ಹಪ್ಪಳದ ಕಾಲ. ಅಂಗಳದಲ್ಲಿ ಹಳೆ ಸೀರೆ ಹಾಸಿ ಅಮ್ಮ ಹಪ್ಪಳ ಒಣಗಿಸುತ್ತಿದ್ದಳು, ಅಡಿಕೆ ಮರದ ಮೇಲೆ ಕಾಗೆ ಕಾಯುತ್ತಿತ್ತು. ಅರೆ ಒಣಗಿದ ಹಪ್ಪಳದ ರುಚಿ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಮೊದಲ ಚೌಕ: ಅಜ್ಜಿ ಅಜ್ಜನ ಕೈಗೆ ಕೋಲು ಕೊಟ್ಟು "ಹಪ್ಪಳ ನೋಡ್ಕಳಿ. ಕಾಗೆ ಬಂದ್ರೆ ಓಡ್ಸಿ" ಅನ್ನುತ್ತಾಳೆ. ಎರಡನೆಯದು: ಅಜ್ಜ ಕುರ್ಚಿಯಲ್ಲಿ, ಕಾಗೆ ಗೋಡೆಯ ಮೇಲೆ, ನಡುವೆ ಹಪ್ಪಳ. ಮೂರನೆಯದು: ಅಜ್ಜ ಹಪ್ಪಳವನ್ನು ನೋಡುತ್ತಾನೆ, ಕಾಗೆ ಅಜ್ಜನನ್ನು ನೋಡುತ್ತದೆ. ನಾಲ್ಕನೆಯದು: ಅರ್ಧ ಸೀರೆ ಖಾಲಿ, ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ, ಅಜ್ಜನ ಎರಡೂ ಕೆನ್ನೆ ಉಬ್ಬಿದೆ, ಕೋಲು ಕಾಗೆಯ ಕಡೆ ತೋರುತ್ತಿದೆ. ಕಾಗೆಯ ಬಾಯಿ ತೆರೆದಿದೆ. ಬರೆದು ಮುಗಿಸಿ ಅಮ್ಮನಿಗೆ ತೋರಿಸಿದಾಗ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನಿನ್ನ ಅಜ್ಜನೇ ಇದು" ಅಂದಳು.

ಕಾಗೆ ಮಾತ್ರ ಮೊದಲಿಗೆ ಪಾರಿವಾಳದ ಹಾಗೆ ಬಂತು. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣರಿಗೆ ಕಾಗೆಯ ಹುಚ್ಚಿತ್ತು. ರಾಶಿಯವರು 1942ರಲ್ಲಿ ಶುರು ಮಾಡಿದ ಹಾಸ್ಯಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದ ಕೈ ಅದು, ಮುಂದೆ ಶ್ರೀಸಾಮಾನ್ಯನ ಜೊತೆಜೊತೆಗೆ ಲೆಕ್ಕವಿಲ್ಲದಷ್ಟು ಕಾಗೆಗಳನ್ನೂ ಬರೆಯಿತು. ಅವರ ಕಾಗೆಗಳನ್ನು ಪುಟ್ಟಿ ಒಂದು ದಿನವಿಡೀ ನೋಡಿದಳು. ಆಮೇಲೆ ಅಂಗಳದ ಕಾಗೆಯನ್ನು ಎರಡು ದಿನ ನೋಡಿದಳು. ಕೊಕ್ಕು ತಲೆಯಷ್ಟೇ ಉದ್ದ, ಕತ್ತು ಇಲ್ಲವೆನ್ನುವಷ್ಟು ಗಿಡ್ಡ, ನೋಡುವಾಗ ಒಂದು ಕಣ್ಣಲ್ಲಿ ನೋಡುತ್ತದೆ, ಅದಕ್ಕೇ ತಲೆ ವಾರೆ ಮಾಡುತ್ತದೆ. ಆ ವಾರೆಯಲ್ಲಿ ಕಾಗೆ ಸಿಕ್ಕಿತು.

ಮಾತಿನ ಬಲೂನಿನೊಳಗಿನ ಅಕ್ಷರ ನನ್ನ ಪಾಲಿನ ಕೆಲಸ. ಇಪ್ಪತ್ತು ವರ್ಷ ಕನ್ನಡ ಜೋಡಿಸಿದವನು, ಇದರಲ್ಲೇನು ಎಂದುಕೊಂಡಿದ್ದೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಹೆಚ್ಚಾಗಿ ಎಲ್ಲವೂ ದೊಡ್ಡಕ್ಷರ. ಕೆಳಗೆ ಇಳಿಯುವ ಬಾಲವಿಲ್ಲ, ಮೇಲೆ ಏರುವ ಕೊಂಬಿಲ್ಲ, ಸಾಲಿನ ಮೇಲೆ ಸಾಲು ಇಟ್ಟಿಗೆಯಂತೆ ಕೂರುತ್ತದೆ. ನಮ್ಮ 'ಹಪ್ಪಳ'ದ ಒತ್ತು ಕೆಳಗಿಳಿದು ಕೆಳಸಾಲಿನ 'ಓಡ್ಸಿ'ಯ ಗುಡಿಸಿಗೆ ಡಿಕ್ಕಿ ಹೊಡೆಯಿತು. 20 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 30 ಇಟ್ಟ ಮೇಲೆ ಉಸಿರಾಡುವಂತಾಯಿತು. ಅಂದರೆ ಬಲೂನು ಪುಸ್ತಕದ ಅಳತೆಗಿಂತ ಎತ್ತರ, ಅಂದರೆ ಅಜ್ಜಿಯ ತಲೆಯ ಮೇಲೆ ಜಾಗ ಬೇಕು, ಅಂದರೆ ಅಜ್ಜಿ ಗಿಡ್ಡವಾಗಬೇಕು. ಅಜ್ಜಿ ಗಿಡ್ಡವಾದಳು, ನೋಡಲೂ ಚೆನ್ನಾದಳು! ಫಾಂಟು ಬಲೂ ತಮ್ಮ; ದುಂಡಗೆ, ದಪ್ಪಗೆ, ಬೆಲ್ಲದುಂಡೆಯಂತಿದೆ. ಅಭ್ಯಾಸಬಲದಿಂದ ಮೊದಲು ನುಡಿಯ ಹಳೆ ಆಸ್ಕಿ ಫಾಂಟಿನಲ್ಲಿ ಟೈಪಿಸಿ ಇನ್ನೊಂದು ತಂತ್ರಾಂಶಕ್ಕೆ ಅಂಟಿಸಿದ್ದೆ, ರೋಮನ್ ಅಕ್ಷರಗಳ ಕಿಚಡಿ ಬಂತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂತ ಕನ್ನಡ. ಯೂನಿಕೋಡಿನಲ್ಲಿ ಟೈಪಿಸಿದರೆ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶ ಒತ್ತಕ್ಷರವನ್ನೂ ಅರ್ಕಾವತ್ತನ್ನೂ ಸರಿಯಾಗಿ ಕೂರಿಸುತ್ತದೆ. ಮುಂದೆ ಕಾರ್ಟೂನಿನ ಶೀರ್ಷಿಕೆಗೆ ಒಂದು ವಿಡಿಯೊ ಎಡಿಟರ್ ಬಳಸಿದಾಗ 'ಪ್ಪ' ಒಡೆದು ಅರ್ಧ 'ಪ್' ಬೇರೆ, 'ಪ' ಬೇರೆ ನಿಂತಿತ್ತು. ಅಲ್ಲಿಯೂ ಇಂಕ್‌ಸ್ಕೇಪಿನಲ್ಲೇ ಬರೆದು, ಪಿಎನ್‌ಜಿ ಚಿತ್ರ ಮಾಡಿ ಅಂಟಿಸಿದೆ. ಅಕ್ಷರವನ್ನು ನಂಬದ ತಂತ್ರಾಂಶಕ್ಕೆ ಚಿತ್ರ ಕೊಡುವುದು ಡಿಟಿಪಿಯವರ ಹಳೆಯ ಉಪಾಯ.

ಇನ್ನು ಕಟ್ಟೋಣ. ಪುಟ್ಟಿಗೆ ಪೆನ್ ಟ್ಯಾಬ್ಲೆಟ್ ಇಲ್ಲ, ಪೆನ್ಸಿಲ್ ಬಿಟ್ಟು ಬೇರೆಯದರಲ್ಲಿ ಬರೆಯಲು ಮನಸ್ಸೂ ಇಲ್ಲ. ಆದ್ದರಿಂದ ಕಾಗದದಲ್ಲಿ ಬರೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದೆಂದು ತೀರ್ಮಾನ. ಕೆಳಗಿನ ಹಾಳೆಯ ಚಿತ್ರ ಮೇಲಿನ ಹಾಳೆಯಲ್ಲಿ ಕಾಣಲು ಬೆಳಕಿನ ಪೆಟ್ಟಿಗೆ ಬೇಕು. ಹಳೇ ಮೇಜಿನ ಡ್ರಾಯರ್ ಕಿತ್ತು, ತಳಕ್ಕೆ ಬಿಳಿ ಹಾಳೆ ಅಂಟಿಸಿ, 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಒಳಗೋಡೆಗೆ ಸುತ್ತ ಅಂಟಿಸಿದೆ. ಮೇಲೆ ಬೋರ್ಡು ಮಾಡುವವರ ಅಂಗಡಿಯಲ್ಲಿ ಉಳಿದಿದ್ದ ಹಾಲುಬಣ್ಣದ ಅಕ್ರಿಲಿಕ್ ತುಂಡು, 5 ಮಿ.ಮೀ. ದಪ್ಪದ್ದು. ಪಟ್ಟಿಯನ್ನು ತಳಕ್ಕೇ ಅಂಟಿಸಿದರೆ ಒಂದೊಂದು ದೀಪವೂ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಪಕ್ಕದ ಗೋಡೆಗೆ ಅಂಟಿಸಿದರೆ ಬೆಳಕು ಹರಡಿಕೊಳ್ಳುತ್ತದೆ. ಇದು ಎರಡನೇ ಸಲಕ್ಕೆ ತಿಳಿದದ್ದು.

ಹಾಳೆಗಳು ಒಂದರ ಮೇಲೊಂದು ಅಲುಗಾಡದೆ ಕೂರುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಸ್ಟುಡಿಯೊಗಳಲ್ಲಿ ಇದಕ್ಕೆ ಮೂರು ಮೊಳೆಯ ಪೆಗ್ ಪಟ್ಟಿ ಇರುತ್ತದೆ: ನಡುವೆ ಗುಂಡನೆಯದು, ಅದರಿಂದ ನಾಲ್ಕು ನಾಲ್ಕು ಇಂಚು ಆಚೀಚೆಗೆ ಚಪ್ಪಟೆಯವು. ಅದಕ್ಕೆ ಹೊಂದುವ ಪಂಚ್ ಎಲ್ಲಿಂದ ತರಲಿ? ಅಂಗಡಿಯ ಎರಡು ತೂತಿನ ಪಂಚನ್ನೇ ಅಳೆದೆ. ತೂತಿನ ನಡುವಿನ ಅಂತರ 80 ಮಿ.ಮೀ., ತೂತಿನ ಅಗಲ 6. ಫೈಲಿಗೆ ಹಾಕುವ ಹಾಳೆಗೆ ಇದೇ ಅಂತರರಾಷ್ಟ್ರೀಯ ಅಳತೆ, ಯಾವ ಊರಿನ ಪಂಚಾದರೂ ಸರಿಯೇ. ಮೊಳೆಗೆ 6ರ ಬೋಲ್ಟು ಹಾಕಿದರೆ ಅದರ ತಿರುಪಿನ ಸುತ್ತು ಹಾಳೆಯ ತೂತನ್ನು ಕೊರೆದು ದೊಡ್ಡದು ಮಾಡಿತು. ಹತ್ತು ಸಲ ಹಾಕಿ ತೆಗೆಯುವಷ್ಟರಲ್ಲಿ ಅಜ್ಜಿ ನಡುಗತೊಡಗಿದಳು. ಕೊನೆಗೆ ಅಮ್ಮನ ಸ್ವೆಟರ್ ಹೆಣೆಯುವ ಅಲ್ಯೂಮಿನಿಯಂ ಕಡ್ಡಿ ಕಣ್ಣಿಗೆ ಬಿತ್ತು. ಅಳೆದರೆ ಆರಕ್ಕೆ ಕೂದಲೆಳೆ ಕಡಿಮೆ. ಎರಡು ತುಂಡು ಕತ್ತರಿಸಿ, ಪ್ಲಾಸ್ಟಿಕ್ ಸ್ಕೇಲಿಗೆ ತೂತು ಹೊಡೆದು, ಅರಾಲ್ಡೈಟ್ ಹಾಕಿ ಕೂರಿಸಿದೆ. ಅಂಥದೇ ಇನ್ನೊಂದನ್ನು ಮಾಡಿ ಸ್ಕ್ಯಾನರಿನ ಗಾಜಿನ ಅಂಚಿಗೆ ಟೇಪು ಹಚ್ಚಿದೆ. ಬರೆಯುವ ಕಡೆ ಒಂದು ಪಟ್ಟಿ, ಸ್ಕ್ಯಾನ್ ಮಾಡುವ ಕಡೆ ಇನ್ನೊಂದು. ಎರಡೂ ಒಂದೇ ಅಳತೆ. ಕಡ್ಡಿಯ ವಿಚಾರ ಅಮ್ಮನಿಗೆ ಚಳಿಗಾಲದವರೆಗೆ ಗೊತ್ತಾಗಲಿಕ್ಕಿಲ್ಲ.

ಈ ಪೆಗ್ಗು ಬರುವ ಮುಂಚಿನವರು ಏನು ಮಾಡಿದ್ದರೆಂದರೆ, ಹಾಳೆಯ ಮೂಲೆಗೆ ಅಡ್ಡಗೀಟು ಉದ್ದಗೀಟು ಹಾಕಿ ಅದರ ಮೇಲೆ ಅದನ್ನು ಹೊಂದಿಸಿಕೊಳ್ಳುತ್ತಿದ್ದರು. 1914ರಲ್ಲಿ ಗರ್ಟಿ ಎಂಬ ಡೈನೊಸಾರನ್ನು ಕುಣಿಸಿದ ವಿನ್ಸರ್ ಮೆಕೇ ಹೀಗೆಯೇ ಮಾಡಿದ್ದು. ಆತ ಅಮೆರಿಕದ ಪತ್ರಿಕೆಗಳಿಗೆ ಕಾಮಿಕ್ ಪುಟ ಬರೆಯುತ್ತಿದ್ದ ಮನುಷ್ಯ. ಅದಕ್ಕೂ ಮುಂಚೆ, 1908ರಲ್ಲಿ, ಸುಮಾರು 700 ಚಿತ್ರಗಳಲ್ಲಿ ಎರಡು ನಿಮಿಷಕ್ಕೂ ಕಡಿಮೆಯ ಚಿತ್ರ ಮಾಡಿದ ಫ್ರಾನ್ಸಿನ ಎಮಿಲ್ ಕೋಲ್ ಕೂಡ ವ್ಯಂಗ್ಯಚಿತ್ರಕಾರನೇ. ಮೆಕೇ ತನ್ನ ತೆಳು ಹಾಳೆಗಳ ಮೇಲೆ ಪ್ರತಿಯೊಂದು ಚಿತ್ರಕ್ಕೂ ಬೆಟ್ಟ, ಮರ, ಕಲ್ಲು ಎಲ್ಲವನ್ನೂ ಸಹಾಯಕನ ಕೈಯಲ್ಲಿ ಹೊಸದಾಗಿ ಬರೆಸಿದ. ಹಿನ್ನೆಲೆಯನ್ನು ಒಂದೇ ಸಲ ಬರೆದರೆ ಸಾಕೆನ್ನುವಂತೆ ಮಾಡಿದ ಪಾರದರ್ಶಕ ಸೆಲ್ಲುಲಾಯ್ಡ್ ಹಾಳೆಯ ಪೇಟೆಂಟು ಅರ್ಲ್ ಹರ್ಡ್‌ಗೆ ಸಿಕ್ಕಿದ್ದು ಮರುವರ್ಷ, 1915ರಲ್ಲಿ. ಇದನ್ನೆಲ್ಲ ಓದಿ ಹೇಳಿದಾಗ ಪುಟ್ಟಿಗೆ ಆ ಸಹಾಯಕನ ಮೇಲೆ ಮರುಕ ಹುಟ್ಟಿತು. ನಮ್ಮ ಅಂಗಳ, ಗೋಡೆ, ಅಡಿಕೆ ಮರ ಒಂದೇ ಒಂದು ಸಲ ಬರೆದದ್ದು. ಕಂಪ್ಯೂಟರಿನಲ್ಲಿ ಅದೊಂದು ಪದರ, ಅಷ್ಟೆ.

ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. ಒಂದು ಚಿತ್ರವನ್ನು ಎರಡೆರಡು ಚೌಕಟ್ಟು ನಿಲ್ಲಿಸಿದರೆ 12 ಚಿತ್ರ ಸಾಕು. ದೊಡ್ಡ ಸ್ಟುಡಿಯೊಗಳೂ ಹೆಚ್ಚಿನ ಕೆಲಸವನ್ನು ಹೀಗೇ ತೆಗೆಯುತ್ತವೆ. ನಾವು ಸೀದಾ ಸೆಕೆಂಡಿಗೆ 12 ಎಂದೇ ಇಟ್ಟುಕೊಂಡೆವು. 16 ಸೆಕೆಂಡಿಗೆ 192 ಮನೆ. ಯಾವ ಮನೆಯಲ್ಲಿ ಯಾವ ಚಿತ್ರ ಎಂದು ಬರೆದುಕೊಳ್ಳುವ ಉದ್ದನೆಯ ಕೋಷ್ಟಕಕ್ಕೆ ಎಕ್ಸ್-ಶೀಟ್ ಎನ್ನುತ್ತಾರೆ. ನನಗೆ ಉದ್ರಿ ಲೆಕ್ಕದ ಪುಸ್ತಕವೇ ಸರಿಹೋಯಿತು. ಒಂದು ಸಾಲಿಗೆ ಒಂದು ಮನೆ, ಹನ್ನೆರಡನೇ ಸಾಲಿಗೊಂದು ಕೆಂಪು ಗೆರೆ, ಜಮಾ ಕಡೆ ಅಜ್ಜ, ಖರ್ಚಿನ ಕಡೆ ಅಜ್ಜಿ, ಷರಾ ಕಾಲಮ್ಮಿನಲ್ಲಿ ಕಾಗೆ.

ನಡಿಗೆಗೆ ಎರಡನೇ ಪುಸ್ತಕ ಹಿಡಿದೆವು. ಸಾಮಾನ್ಯ ನಡಿಗೆಯಲ್ಲಿ ಒಂದು ಹೆಜ್ಜೆಗೆ ಅರ್ಧ ಸೆಕೆಂಡ್, ನಮ್ಮ ಲೆಕ್ಕದಲ್ಲಿ 6 ಚಿತ್ರ. ಅಜ್ಜಿಗೆ ಮಂಡಿನೋವು, 8 ಕೊಟ್ಟೆವು. ಎರಡು ಹೆಜ್ಜೆಗೆ 16 ಚಿತ್ರ ಬರೆದರೆ ಅದನ್ನೇ ತಿರುಗಿಸಿ ತಿರುಗಿಸಿ ಬಳಸಬಹುದು. ಮೇಲೆ ಕೆಳಗೆ ಆಗುವ ತಲೆ, ಹೆಜ್ಜೆಗೆ ತಡವಾಗಿ ಬರುವ ಸೆರಗಿನ ತುದಿ, ಎಲ್ಲ ಪುಸ್ತಕ ಹೇಳಿದ ಹಾಗೆಯೇ. ಇಲ್ಲಿ ತಂಟೆಯಿಲ್ಲ.

ತಂಟೆ ಬಂದದ್ದು ಬಾಯಿಯಲ್ಲಿ. ಇಂಗ್ಲಿಷ್ ಅನಿಮೇಷನ್ ಪುಸ್ತಕಗಳಲ್ಲಿ ಬಾಯಿಯ ಆಕಾರಗಳ ಒಂದು ಪಟ್ಟಿ ಇರುತ್ತದೆ: ಈ ಸ್ವರಕ್ಕೆ ಈ ಬಾಯಿ, ಆ ವ್ಯಂಜನಕ್ಕೆ ಆ ಬಾಯಿ. ಅದರಲ್ಲಿ ಕೆಳತುಟಿಯನ್ನು ಮೇಲಿನ ಹಲ್ಲಿಗೆ ಕಚ್ಚಿದ ಒಂದು ಬಾಯಿ ಮುಖ್ಯವಾದದ್ದು, ಫೋನು, ಫೈಲು, ಆಫೀಸು ಅನ್ನುವಾಗ ಬರುವಂಥದ್ದು. ನಮ್ಮ ಅಜ್ಜಿ ಆಡುವ ಮಾತಿನಲ್ಲಿ ಅದಕ್ಕೆ ಕೆಲಸವೇ ಇಲ್ಲ, ತೆಗೆದುಹಾಕಿದೆವು. ಟ, ಡ, ಳ ಎನ್ನುವಾಗ ನಾಲಗೆ ಒಳಗೆ ಮಡಿಚಿಕೊಳ್ಳುತ್ತದೆಯೇ ಹೊರತು ಹೊರಗೆ ಏನೂ ಕಾಣುವುದಿಲ್ಲ. ಕನ್ನಡಿಯ ಮುಂದೆ ಕೂತು ಪುಟ್ಟಿ ಒಂದು ಸಂಜೆ ಪೂರ್ತಿ "ಹಪ್ಪಳ, ಹಪ್ಪಳ" ಅಂದಳು. ಮುಚ್ಚಿದ ಬಾಯಿ, ಸ್ವಲ್ಪ ತೆರೆದದ್ದು, ಪೂರ್ತಿ ತೆರೆದದ್ದು, ಇ-ಎಗೆ ಹಿಗ್ಗಿದ್ದು, ಉ-ಒಗೆ ದುಂಡಾದದ್ದು, ದ-ನಗೆ ನಾಲಗೆ ತುದಿ ಕಾಣುವುದು. ಆರು ಬಾಯಿಯಲ್ಲಿ ಅಜ್ಜಿಯ ಸಂಸಾರ ನಡೆಯಿತು.

ಅಮ್ಮನ ದನಿಯನ್ನು ಫೋನಿನಲ್ಲಿ ಹಿಡಿದು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದು, ಯಾವ ಅಕ್ಷರ ಎಷ್ಟು ಮನೆ ಹಿಡಿಯುತ್ತದೆ ಎಂದು ಲೆಕ್ಕದ ಪುಸ್ತಕಕ್ಕೆ ಇಳಿಸಿದೆ. ಆದರೂ ಓಡಿಸಿದಾಗ ಅಜ್ಜಿ "ಹಪಳ" ಅಂದ ಹಾಗೆ ಕಾಣುತ್ತಿತ್ತು. ಕಿವಿಗೆ ಹಪ್ಪಳ, ಕಣ್ಣಿಗೆ ಹಪಳ. ಧ್ವನಿಯ ಗೆರೆಯನ್ನು ದೊಡ್ಡದು ಮಾಡಿ ನೋಡಿದರೆ ಕಾರಣ ಅಲ್ಲೇ ಇತ್ತು: 'ಪ್ಪ' ಎನ್ನುವಾಗ ತುಟಿ ಮುಚ್ಚಿ ಸದ್ದೇ ಇಲ್ಲದ ಒಂದು ಹೊತ್ತಿದೆ, ಒಂಟಿ 'ಪ'ಗಿಂತ ಸುಮಾರು ಇಮ್ಮಡಿ. ನಮ್ಮ ಒಂದೊಂದು ಮನೆಯೂ ಸೆಕೆಂಡಿನ ಹನ್ನೆರಡರಲ್ಲಿ ಒಂದು ಪಾಲು, 83 ಮಿಲಿಸೆಕೆಂಡ್. ಮುಚ್ಚಿದ ಬಾಯಿಗೆ ನಾನು ಕೊಟ್ಟದ್ದು ಒಂದೇ ಮನೆ. ಎರಡು ಕೊಟ್ಟೆ, ಅಜ್ಜಿ ಸ್ಪಷ್ಟವಾಗಿ ಹಪ್ಪಳ ಅಂದಳು. ಆಮೇಲೆ 'ಕಾಗೆ'ಯ ದೀರ್ಘಕ್ಕೆ ಮೂರು ಮನೆ, ಗೆ-ಗೆ ಒಂದೂವರೆ ಬೇಕಿತ್ತು, ಎರಡು. ಲಘುವಿಗೊಂದು ಗುರುವಿಗೆರಡು ಎಂದು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿಸಿ ಬೆತ್ತ ತೋರಿಸಿದ ಮೇಷ್ಟ್ರು ನೆನಪಾದರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬುದು ಬಾಯಿ ಮುಚ್ಚಿಕೊಂಡಿರುವ ಹೊತ್ತಿನ ಲೆಕ್ಕವೂ ಹೌದೆಂದು ಅವತ್ತು ಯಾರೂ ಹೇಳಿರಲಿಲ್ಲ. ಇನ್ನೊಂದು ಸಣ್ಣ ಗುಟ್ಟು: ಬಾಯನ್ನು ಸದ್ದಿಗಿಂತ ಒಂದು ಮನೆ ಮುಂಚೆ ಇಟ್ಟರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಸರಿಸಮ ಇಟ್ಟರೆ ತಡವಾದಂತಿರುತ್ತದೆ.

ಅಜ್ಜನ ದನಿ ನನ್ನದು. ಬಾಯಿ ತುಂಬಿಕೊಂಡು "ಕಾಗೆ" ಅನ್ನಬೇಕು. ನಟನೆ ಮಾಡಿದರೆ ನಾಟಕದಂತೆ ಕೇಳಿತು. ಅಮ್ಮ ಒಳಗಿದ್ದಾಗ ಅಂಗಳದಿಂದ ನಿಜವಾದ ಎರಡು ಅರೆ ಒಣಗಿದ ಹಪ್ಪಳ ಬಾಯಿಗೆ ತುರುಕಿಕೊಂಡು ಹೇಳಿದೆ. "ಹಾಹೆ" ಎಂದು ಬಂತು. ಅದನ್ನೇ ಇಟ್ಟೆವು. ಕಲೆಗೋಸ್ಕರ ಮೂರು ಟೇಕ್ ತೆಗೆದೆ.

ಕಂಪ್ಯೂಟರ್ ಕೆಲಸಕ್ಕೆ ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ, 2016ರ ಮೂರನೇ ಆವೃತ್ತಿಯಿಂದ ಅದರಲ್ಲಿ ಅನಿಮೇಷನ್ ಇದೆ. ಜಪಾನಿನ ಗಿಬ್ಲಿ ಸ್ಟುಡಿಯೊ ಬಳಸಿದ್ದ ಟೂನ್ಜ್ ಎಂಬ ಅನಿಮೇಷನ್ ತಂತ್ರಾಂಶ ಕೂಡ ಅದೇ ವರ್ಷ ಓಪನ್‌ಟೂನ್ಜ್ ಆಗಿ ಎಲ್ಲರಿಗೂ ಮುಕ್ತವಾಯಿತು. ಅದನ್ನೂ ಹಾಕಿ ನೋಡಿದೆ. ಗುಂಡಿಗಳ ಸಂತೆ ನೋಡಿಯೇ ತಲೆ ತಿರುಗಿತು. ಇನ್ನೊಂದು ರಜೆಗೆ ಇರಲಿ. ಅಂಗಡಿಯ ಲ್ಯಾಪ್‌ಟಾಪಿನಲ್ಲಿ 4 ಜಿಬಿ ಮೆಮೊರಿ. 1920 ಅಡ್ಡ 1080ರ ಒಂದು ಚೌಕಟ್ಟು ಪೂರ್ತಿ ಬಣ್ಣ ತುಂಬಿದರೆ 8 ಎಂಬಿಗೂ ಮೇಲೆ, ಅಂಥವು ನೂರಾರು, ಪದರಗಳು ಮೂರ್ನಾಲ್ಕು. ಎರಡೇ ದಿನಕ್ಕೆ ಯಂತ್ರ ಏದುಸಿರು ಬಿಟ್ಟಿತು. 1280 ಅಡ್ಡ 720ಕ್ಕೆ ಇಳಿಸಿದೆ, ಚೌಕಟ್ಟಿನ ಭಾರ ಅರ್ಧಕ್ಕಿಂತ ಕಡಿಮೆಯಾಯಿತು. ಎ4 ಹಾಳೆಯನ್ನು 150 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 1754 ಪಿಕ್ಸೆಲ್ ಬರುತ್ತದೆ, ಆ ಗಾತ್ರಕ್ಕೆ ಧಾರಾಳ.

ಎಡವಿದ್ದನ್ನೂ ಬರೆಯಬೇಕಲ್ಲ. ಸ್ಕ್ಯಾನ್ ಮಾಡಿದ ಕಡತಗಳಿಗೆ 1, 2, 3 ಎಂದು ಹೆಸರಿಟ್ಟಿದ್ದೆ. ಒಟ್ಟಿಗೆ ತೆರೆದಾಗ ಒಂದರ ಹಿಂದೆ ಹತ್ತು, ಹನ್ನೊಂದು ಬಂದು ಕೂತವು, ಅಜ್ಜ ಕುರ್ಚಿಯಿಂದ ಗೋಡೆಗೆ, ಗೋಡೆಯಿಂದ ಕುರ್ಚಿಗೆ ಹಾರಿದ. 001, 002 ಎಂದು ಮರುನಾಮಕರಣವಾಯಿತು. ಇನ್ನೊಂದು ದಿನ ಪುಟ್ಟಿ ಹೊಸ ಚೌಕಟ್ಟು ಸೇರಿಸದೆಯೇ ಟೈಮ್‌ಲೈನಿನಲ್ಲಿ ಮುಂದೆ ಹೋಗಿ ಕಾಗೆಯ ಕಣ್ಣು ತಿದ್ದಿದಳು. ಅಲ್ಲಿ ಕಾಣುತ್ತಿದ್ದುದು ಹಿಂದಿನ ಚಿತ್ರದ ಮುಂದುವರಿಕೆ, ಹಾಗಾಗಿ ತಿದ್ದುಪಡಿ ಹಿಂದಿನ ಎಂಟೂ ಮನೆಗೆ ಹತ್ತಿತು. ಸೇವ್ ಕೂಡ ಆಗಿತ್ತು. ಮೂಲ ಕಾಗದ ಇದ್ದದ್ದಕ್ಕೆ ಬಚಾವ್. ಬಣ್ಣ ತುಂಬುವಾಗ ಗೆರೆಯಲ್ಲಿ ಕೂದಲಷ್ಟು ಸಂದಿಯಿದ್ದರೂ ಅಜ್ಜಿಯ ಸೀರೆಯ ಹಸಿರು ಇಡೀ ಅಂಗಳಕ್ಕೆ ಸೋರುತ್ತಿತ್ತು. ಸಂಜೆಯಿಡೀ ಸಂದಿ ಮುಚ್ಚುವುದು ನನ್ನ ಕೆಲಸ.

ಎಲ್ಲ ಮುಗಿಸಿ 192 ಪಿಎನ್‌ಜಿ ಚಿತ್ರಗಳನ್ನು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶಕ್ಕೆ ಕೊಟ್ಟು ವಿಡಿಯೊ ಮಾಡಿದರೆ, ಅಜ್ಜಿ ಓಡೋಡಿ ಬಂದಳು, ಅಜ್ಜ ಗಬಗಬ ತಿಂದ, ಏಳು ಮುಕ್ಕಾಲು ಸೆಕೆಂಡೂ ಆಗುವ ಮುಂಚೆ ಕಥೆ ಮುಗಿಯಿತು. ಪುಟ್ಟಿ ಬಿದ್ದು ಬಿದ್ದು ನಕ್ಕಳು. ಚಿತ್ರಗಳ ಸಾಲು ಕೊಟ್ಟು ವೇಗ ಹೇಳದಿದ್ದರೆ ಅದು ತಾನಾಗಿ ಸೆಕೆಂಡಿಗೆ 25 ಎಂದು ಹಿಡಿಯುತ್ತದೆ. 12 ಎಂಬುದನ್ನು ಚಿತ್ರಗಳ ಹೆಸರಿಗಿಂತ ಮುಂಚೆಯೇ ಹೇಳಬೇಕು. ಆಮೇಲೆ ಹೇಳಿದರೆ ಚಿತ್ರ ಬಿಟ್ಟು ಬಿಟ್ಟು ಓಡಿಸುತ್ತದೆಯೇ ಹೊರತು ನಿಧಾನ ಮಾಡುವುದಿಲ್ಲ. ಅದನ್ನು ಸರಿಪಡಿಸಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಓಡಿತು, ಅಕ್ಕನ ಫೋನಿನಲ್ಲಿ ಕಪ್ಪು ಪರದೆ. ಪಿಎನ್‌ಜಿಯಿಂದ ನೇರವಾಗಿ ಮಾಡಿದರೆ ಬಣ್ಣದ ಮಾಹಿತಿ ಒಂದಿಷ್ಟೂ ಕಡಿತವಾಗದ ರೂಪದಲ್ಲಿ ಹೋಗುತ್ತದೆ, ಬಹಳ ಫೋನುಗಳು ಅದನ್ನು ಬಿಚ್ಚಲಾರವು. ಪಿಕ್ಸೆಲ್ ನಮೂನೆ ವೈಯುವಿ 420ಪಿ ಎಂದು ಸೇರಿಸಿದ ಮೇಲೆ ಎಲ್ಲ ಕಡೆ ಬಂತು.

ಭಾನುವಾರ ಊಟದ ಮೇಲೆ ಪ್ರದರ್ಶನ. ಅಮ್ಮ, ಅಕ್ಕ, ಭಾವ, ಪಕ್ಕದ ಮನೆಯ ಇಬ್ಬರು ಮಕ್ಕಳು. ಹದಿನಾರು ಸೆಕೆಂಡ್ ಮುಗಿಯಿತು. ಅಮ್ಮ "ಚೆನ್ನಾಗಿದೆ" ಅಂದಳು.

ಚೆನ್ನಾಗಿದೆ! ಕಾಗದದ ನಾಲ್ಕು ಚೌಕಕ್ಕೆ ಸೆರಗು ಬಾಯಿಗೆ ಒತ್ತಿಕೊಂಡಿದ್ದವಳು. ಭಾವ "ಎಷ್ಟು ದಿನ ಹಿಡೀತು?" ಎಂದು ಕೇಳಿದರು. ಮಕ್ಕಳು ಇನ್ನೊಂದು ಸಲ ಹಾಕಿ ಎಂದೂ ಕೇಳಲಿಲ್ಲ. ಅಜ್ಜಿಯ ನಡಿಗೆ ಸರಿಯಿತ್ತು, ಬಾಯಿ ಸರಿಯಿತ್ತು, ಕಾಗೆ ಕಾಗೆಯೇ ಆಗಿತ್ತು. ನಗು ಒಂದೇ ಇರಲಿಲ್ಲ.

ರಾತ್ರಿ ನಿದ್ದೆ ಬಾರದೆ, ಪಕ್ಕಕ್ಕಿಟ್ಟಿದ್ದ ಮೂರನೇ ಪುಸ್ತಕ ತೆರೆದೆ. ಕಾಮಿಕ್ಸಿನ ಎರಡು ಚೌಕಗಳ ನಡುವಿನ ಖಾಲಿ ಜಾಗಕ್ಕೆ ಅವರು ಗಟರ್ ಎನ್ನುತ್ತಾರೆ. ಆ ಪದ ನನಗೆ ಹೊಸದಲ್ಲ. ಪೇಜ್‌ಮೇಕರ್ ಕಾಲದಿಂದಲೂ ಎರಡು ಕಾಲಮ್ಮಿನ ನಡುವಿನ ಅಂತರಕ್ಕೆ ನಾವು ಹೇಳುತ್ತ ಬಂದದ್ದು ಅದನ್ನೇ, ಸಾಮಾನ್ಯವಾಗಿ 5 ಮಿ.ಮೀ. ಬಿಡುತ್ತೇನೆ. ಅಲ್ಲಿ ಏನೂ ಇರುವುದಿಲ್ಲ ಎಂದೇ ನನ್ನ ನಂಬಿಕೆಯಾಗಿತ್ತು. ಆ ಖಾಲಿಯಲ್ಲಿ ನಡೆಯುವುದನ್ನು ಓದುವವನೇ ತಲೆಯೊಳಗೆ ಕಟ್ಟಿಕೊಳ್ಳುತ್ತಾನೆ, ಕಾಮಿಕ್ಸಿನ ಜೀವವೇ ಅದು ಎಂದು ಪುಸ್ತಕ ವಾದಿಸುತ್ತದೆ. ನಮ್ಮ ಚಿತ್ರದ ಮೂರನೇ ಚೌಕಕ್ಕೂ ನಾಲ್ಕನೆಯದಕ್ಕೂ ನಡುವೆ ಕಳ್ಳತನ ನಡೆದಿದೆ. ಅದನ್ನು ಯಾರೂ ಬರೆದಿಲ್ಲ. ಅಮ್ಮ ತಾನೇ ಕಂಡುಹಿಡಿದು, ತಾನೇ ಅಜ್ಜನನ್ನು ಹಿಡಿದುಹಾಕಿ ನಕ್ಕಿದ್ದಳು. ಕಾರ್ಟೂನಿನಲ್ಲಿ ನಾವು ಆ ಖಾಲಿಯನ್ನು ತುಂಬಿಬಿಟ್ಟಿದ್ದೆವು: ಅಜ್ಜ ಆಚೆ ಈಚೆ ನೋಡುವುದು, ಬಗ್ಗುವುದು, ಹಪ್ಪಳದ ಅಂಚು ಬಿಡಿಸುವುದು, ಸುರುಳಿ ಸುತ್ತಿ ಬಾಯಿಗಿಡುವುದು, ಕಣ್ಣು ಮುಚ್ಚುವುದು. ನಾಲ್ಕು ಸೆಕೆಂಡ್, 38 ಚಿತ್ರ. ನಾಲ್ಕನೇ ಚೌಕ ಬರುವಾಗ ನೋಡುವವರಿಗೆ ಗೊತ್ತಿಲ್ಲದ್ದು ಏನೂ ಉಳಿದಿರಲಿಲ್ಲ.

ಬೆಳಗ್ಗೆ ಹೇಳಿದೆ. ಪುಟ್ಟಿ ಸಿಟ್ಟಾದಳು. ಆ 38 ಚಿತ್ರ ಅವಳು ಇಡೀ ರಜೆಯಲ್ಲಿ ಬರೆದದ್ದರಲ್ಲೇ ಚೆಂದದವು. ಹಪ್ಪಳ ಸೀರೆಯಿಂದ ಬಿಡುವಾಗ ಅಂಚು ಅಂಟಿಕೊಂಡು ಎಳೆಯುವುದಿದೆಯಲ್ಲ, ಅದಕ್ಕೇ ಮೂರು ದಿನ ಹಿಡಿದಿತ್ತು.

"ಮಾಮ, ಅದು ತೆಗೆದ್ರೆ ಉಳಿಯೋದೇನು? ಎರಡು ಜನ ಕೂತ್ಕಂಡು ನೋಡೋದು."

"ಒಂದು ಜನ, ಒಂದು ಕಾಗೆ" ಅಂದೆ. ಅವಳು ನಗಲಿಲ್ಲ.

ಮಧ್ಯಾಹ್ನದ ತನಕ ಮಾತಿಲ್ಲ. ಮೂರು ಗಂಟೆಗೆ ಅವಳೇ ಬಂದು ಕಾಗೆಯ ನಾಲ್ಕು ತಲೆ ಬರೆದ ಹಾಳೆ ಇಟ್ಟಳು. ದೇಹ ಅಲುಗುವುದಿಲ್ಲ. ಕಣ್ಣು ಕೆಳಗೆ, ಕಣ್ಣು ಮೇಲೆ, ಕಣ್ಣು ಕೆಳಗೆ, ಆಮೇಲೆ ರೆಪ್ಪೆ. ಅಂದರೆ ಕಾಗೆಯ ಕಣ್ಣು ಅಜ್ಜನ ಕೈಯನ್ನು ಹಿಂಬಾಲಿಸುತ್ತದೆ: ಸೀರೆಯಿಂದ ಬಾಯಿಗೆ, ಬಾಯಿಂದ ಸೀರೆಗೆ. ಅಜ್ಜ ಪರದೆಯಲ್ಲೇ ಇಲ್ಲ. ಸದ್ದು ಮಾತ್ರ ಹಾಕೋಣ ಅಂದಳು. ಕುರುಕುರು ಎನ್ನುವ ಸದ್ದು ಹುಡುಕಹೊರಟ ನನ್ನನ್ನು ತಡೆದು, "ಒಣಗಿಲ್ಲ ಮಾಮ, ಅದು ಮೆತ್ತಗಿರ್ತದೆ" ಅಂದಳು. ಹೌದಲ್ಲ. ಮತ್ತೆ ಫೋನು ಹಿಡಿದು ಅಂಗಳಕ್ಕೆ ಹೋಗಿ, ಚಪ್ಪರಿಸುವ ಸದ್ದನ್ನು ಹಿಡಿದು ತಂದೆ. ಅಮ್ಮ ಈ ಸಲ ನೋಡಿದಳು, ಏನೂ ಹೇಳಲಿಲ್ಲ, ಮಾರನೇ ದಿನದಿಂದ ಹಪ್ಪಳ ಎಣಿಸಿ ಹಾಸತೊಡಗಿದಳು.

ಕಾಗೆಗೆ 42 ಮನೆ ಕೊಟ್ಟೆವು, ಮೂರೂವರೆ ಸೆಕೆಂಡ್. ಇಷ್ಟು ಹೊತ್ತು ಒಂದೇ ಕಾಗೆಯನ್ನು ತೋರಿಸಿದರೆ ಬೇಸರ ಎಂದು ಮೊದಲು 24 ಇಟ್ಟಿದ್ದೆ; ಅದು ತೀರಾ ಅವಸರ, ಕಣ್ಣು ಮೇಲೆ ಹೋದದ್ದು ಯಾಕೆಂದು ಹೊಳೆಯುವ ಮುಂಚೆ ದೃಶ್ಯ ದಾಟುತ್ತಿತ್ತು. 30ಕ್ಕೆ ಹೊಳೆಯುತ್ತದೆ, ನಗಲು ಜಾಗವಿಲ್ಲ. 42ಕ್ಕೆ ಎರಡೂ ಆಯಿತು. ಪುಸ್ತಕದಲ್ಲಿ ಈ ಲೆಕ್ಕ ಸಿಗುವುದಿಲ್ಲ. ಪಕ್ಕದ ಮನೆಯ ಮಕ್ಕಳನ್ನು ಕೂರಿಸಿಕೊಂಡು, ಅವರ ಮುಖ ನೋಡುತ್ತ, ಮನೆ ಕೂಡಿಸುತ್ತ ಕಳೆಯುತ್ತ ಹೋಗಬೇಕು. ಕೊನೆಗೆ "ಹಾಹೆ" ಆದಮೇಲೆ ಒಂದು ಸೆಕೆಂಡ್ ಯಾರೂ ಅಲುಗದಂತೆ 12 ಮನೆ ಸೇರಿಸಿದೆವು. ಆ ಸೆಕೆಂಡಿನ ಕೊನೆಗೆ ಕಾಗೆ ತಲೆ ವಾರೆ ಮಾಡಿ ನಮ್ಮ ಕಡೆ ನೋಡುತ್ತದೆ. ಅದಕ್ಕೆ ಒಂದು ಹೊಸ ಚಿತ್ರ. ಲೆಕ್ಕದ ಪುಸ್ತಕದ ಪ್ರಕಾರ 143 ಚಿತ್ರ ಇದ್ದದ್ದು 38 ಹೋಗಿ 5 ಬಂದು 110 ಆಯಿತು. ಕಾರ್ಟೂನು ಮಾತ್ರ ಅರ್ಧ ಸೆಕೆಂಡ್ ಉದ್ದವಾಯಿತು.

ಮುಂದಿನ ಭಾನುವಾರ ಮತ್ತೆ ತೋರಿಸಿದೆವು. ಕಾಗೆಯ ಕಣ್ಣು ಎರಡನೇ ಸಲ ಕೆಳಗಿಳಿದಾಗ ಚಿಕ್ಕವನು "ಅಜ್ಜ ತಿಂತಾ ಇದ್ದಾನೆ!" ಎಂದು ಕೂಗಿದ. ಭಾವ ಎಷ್ಟು ದಿನ ಹಿಡಿಯಿತೆಂದು ಕೇಳಲಿಲ್ಲ. ಅಮ್ಮ ಸೆರಗು ತೆಗೆದುಕೊಂಡದ್ದನ್ನು ನಾನು ನೋಡಿದೆ.

ಉಳಿದ 38 ಚಿತ್ರಗಳನ್ನು ಬಿಸಾಡಲು ಮನಸ್ಸಾಗಲಿಲ್ಲ. ಚಿಕ್ಕದು ಮಾಡಿ, ಒಂದು ಹಾಳೆಗೆ ಎಂಟರಂತೆ, ಮದುವೆ ಕಾರ್ಡಿನ 250 ಜಿಎಸ್‌ಎಂ ಹಾಳೆಯಲ್ಲಿ ಮುದ್ರಿಸಿ ಕತ್ತರಿಸಿದೆ. ಮಾಮೂಲಿ ಹಾಳೆ ಬೆರಳಿನಿಂದ ಜಾರುವಾಗ ಎರಡೆರಡು ಒಟ್ಟಿಗೆ ಹೋಗುತ್ತದೆ. ಬಲ ಅಂಚನ್ನು ಒಂಚೂರು ಓರೆಯಾಗಿ ಕತ್ತರಿಸಿದರೆ ಹಾಳೆಗಳು ಚೆನ್ನಾಗಿ ಬಿಡುತ್ತವೆ. ಎಡಗಡೆ ಎರಡು ಪಿನ್ನು, ಮೇಲೆ ಬೈಂಡಿಂಗ್ ಬಟ್ಟೆ. ಪುಟ್ಟಿ ಊರಿಗೆ ಹೊರಡುವ ದಿನ ಅದನ್ನು ಅಜ್ಜಿಯ ಕೈಗೆ ಕೊಟ್ಟಳು. ಅಮ್ಮನಿಗೆ ಹೇಗೆ ಹಿಡಿಯುವುದೆಂದು ಗೊತ್ತಾಗದೆ ಹಿಂದಿನಿಂದ ಮುಂದಕ್ಕೆ ಬಿಟ್ಟಳು. ಅಜ್ಜನ ಬಾಯಿಂದ ಹಪ್ಪಳ ಹೊರಗೆ ಬಂತು, ಸುರುಳಿ ಬಿಚ್ಚಿಕೊಂಡಿತು, ಸೀರೆಯ ಮೇಲೆ ಹೋಗಿ ಅಂಟಿತು. ಅಮ್ಮ ಮೂರು ಸಲ ಹಾಗೆಯೇ ಬಿಟ್ಟು ನೋಡಿ, "ಇದು ಸರಿ" ಅಂದಳು.